ಸೋಮಾರಿ ರಕ್ತ, ಗಟ್ಟಿಗಿತ್ತಿ ರಕ್ತ

ಹೆಂಗಸರ ಆರೋಗ್ಯ ನೋಡೋಕೆ ಹಳ್ಳಿಗೆ ಹೋದಮೇಲೆ ನಗದೆ ವಾಪಸ್ ಬರೋದುಂಟಾ? ನನ್ನ ಕೈಲಂತೂ ಆಗಿಲ್ಲ. ನಾನು ನರ್ಸು. ಮೂಳೆ ಸವೆತ, ಥೈರಾಯ್ಡ್ ಬಗ್ಗೆ ಸಂಶೋಧನೆ ಮಾಡೋ ಡಾಕ್ಟರ್ ಮೇಡಂ ಜೊತೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ಸುತ್ತುತ್ತಾನೇ ಇರ್ತೀನಿ. ಊರಿಗೊಂದು ಕಥೆ ಸಿಗುತ್ತೆ. ರಾವಂದೂರು ಕಡೆ ಒಂದೇ ಮನೇಲಿ ಮೂರು ಸಿಕ್ಕವು.

ಆ ಮನೇಲಿ ಅತ್ತೆ, ಮಗ, ಸೊಸೆ. ಸೊಸೆಗೆ ಸದಾ ಸುಸ್ತು, ಮುಖ ಊದಿಕೊಂಡಿತ್ತು, ಕೂದಲು ಉದುರ್ತಿತ್ತು. ನೋಡಿದ ತಕ್ಷಣ ಮೇಡಂಗೆ ಥೈರಾಯ್ಡ್ ಇರಬಹುದು ಅಂತ ಅನುಮಾನ. ಅತ್ತೆಗೆ ಅನುಮಾನವೇ ಇಲ್ಲ.

"ಸೋಮಾರಿ ಕಣವ್ವ. ಹಬ್ಬ ಒಂದು ಕಳೀಲಿ, ತವರಿಗೆ ಕಳಿಸಿಬುಡ್ತೀವಿ, ಅಲ್ಲೇ ಬಿದ್ದಿರ್ಲಿ."

ಪಾಪ, ಆ ಹುಡುಗಿ ತಲೆ ಬಗ್ಗಿಸಿಕೊಂಡು ನಿಂತಿತ್ತು. ನನಗೆ ಮೈಯೆಲ್ಲ ಉರಿದುಹೋಯ್ತು. ರಕ್ತ ಪರೀಕ್ಷೆ ಆದರೆ ಅವಳ ಸಂಸಾರ ಉಳಿಯುತ್ತೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅತ್ತೆ ಒಪ್ಪಬೇಕಲ್ಲ! "ಇರೋ ರಕ್ತಾನೂ ತಗುದ್ಬುಟ್ರೆ ಇವಳು ಏಳೋದೇ ಇಲ್ಲ" ಅಂದುಬಿಟ್ಟರು.

೧. ಮಿಷನ್ನಿಗೆ ಕಾಲು

ಸರಿ, ಮೊದಲು ಅತ್ತೇನೇ ಒಲಿಸಿಕೊಳ್ಳೋಣ ಅಂತ ಮೂಳೆ ನೋಡೋ ಮಿಷನ್ ತೆಗೆದೆ. ಹಿಮ್ಮಡಿಗೆ ಜೆಲ್ ಹಚ್ಚಿ ಕಾಲಿಟ್ಟರೆ ಸಾಕು, ಮೂಳೆ ಗಟ್ಟಿಯೋ ಟೊಳ್ಳೋ ಗೊತ್ತಾಗುತ್ತೆ. ಆಯಮ್ಮ ಹಿಂದಕ್ಕೆ ನೆಗೆದರು.

"ಕಾಲಿಡೋದಾ? ಆಯುಧಪೂಜೇಲಿ ಟ್ರಾಕ್ಟ್ರಿಗೆ ಅಡ್ಡಬೀಳೋರು ಕಣವ್ವ ನಾವು!"

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅರಿಶಿನ ಕುಂಕುಮ ತಂದು ಮಿಷನ್ನಿಗೆ ಇಟ್ಟು, ಗಂಧದಕಡ್ಡಿ ಬೆಳಗಿ, "ತಪ್ಪಾಯ್ತು ಕಣಪ್ಪ" ಅಂತ ಕಾಲಿಟ್ಟರು. ಮುಗಿದಮೇಲೆ ಕಾಲಿಟ್ಟ ಜಾಗಾನೇ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಜೆಲ್ಲೆಲ್ಲ ರೆಪ್ಪೆಗೆ ಮೆತ್ತಿಕೊಂಡಿತು. ನಾನು ಗಾಬರಿಯಿಂದ ಒರೆಸೋಕೆ ಹೋದರೆ ಕೈ ತಳ್ಳಿದರು.

"ಬುಡವ್ವ, ತಣ್ಣಗೈತೆ. ಕಣ್ಣುರಿಗೂ ಇದೇ ಮಿಷನ್ನಾ?"

೨. ಕೊಟ್ಟಿಗೆಗೆ ಹೋದ ಮಾತ್ರೆ

ಅತ್ತೆಯ ಮೂಳೆ ಟೊಳ್ಳಾಗಿತ್ತು, ಸೊಂಟನೋವೂ ಇತ್ತು. ಮೇಡಂ ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಮುಂದಿನ ಸಲ ಹೋದಾಗ ಮಾತ್ರೆ ಪೂರ್ತಿ ಖಾಲಿ. ನನಗೋ ಖುಷಿ.

"ಸೊಂಟನೋವು ಹೆಂಗಿದೆ ಅಮ್ಮ?"

"ಅದಿದ್ದಂಗೇ ಐತೆ. ಅವಳು ನೋಡು ಹೆಂಗವಳೆ!" ಅಂತ ಕೊಟ್ಟಿಗೆ ಕಡೆ ಕೈ ತೋರಿಸಿದರು.

ಹಸು ಕರು ಹಾಕಿತ್ತಂತೆ. ಕ್ಯಾಲ್ಸಿಯಂ ಕೊಡಿ ಅಂತ ದನದ ಡಾಕ್ಟ್ರು ಹೇಳಿದ್ದರಂತೆ. ಇವರು ನಮ್ಮ ಮಾತ್ರೇನೆಲ್ಲ ಬೆಲ್ಲದ ಜೊತೆ ಕುಟ್ಟಿ ಉಂಡೆ ಮಾಡಿ ಅದಕ್ಕೆ ತಿನ್ನಿಸಿದ್ದರು.

"ಅಯ್ಯೋ ನನ್ನ ಕರ್ಮವೇ! ಅದು ನಿಮಗೆ ಕೊಟ್ಟಿದ್ದು!"

"ನಂಗ್ಯಾಕವ್ವ ಕ್ಯಾಲ್ಸಿಯಂ? ನಾನೇನು ಡೈರಿಗೆ ಹಾಲು ಹಾಕ್ತೀನಾ?"

೩. ಗೋಡೆ ಮೇಲಿನ ಅತ್ತೆ

ಹಬ್ಬ ಹತ್ತಿರ ಬಂತು. ಸೊಸೆಯ ಬಟ್ಟೆಬರೆ ಬ್ಯಾಗಿಗೆ ಸೇರಿತ್ತು. ನಾನು ತಡೆಯಲಾರದೆ ಸ್ವಲ್ಪ ಜೋರಾಗೇ ಹೇಳಿದೆ, "ಒಂದೇ ಒಂದು ಸಲ ರಕ್ತ ಕೊಡಿಸಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ." ಅತ್ತೆಗೂ ರೋಷ ಬಂತು. ಸೆರಗು ಸಿಕ್ಕಿಸಿ ಕೈ ಚಾಚಿದರು.

"ತಗೀರಿ! ಅವಳ್ದೂ ತಗೀರಿ, ನಂದೂ ತಗೀರಿ. ಸೋಮಾರಿ ರಕ್ತ ಹೆಂಗಿರ್ತದೆ, ಗಟ್ಟಿಗಿತ್ತಿ ರಕ್ತ ಹೆಂಗಿರ್ತದೆ ನೋಡೇಬುಡಾನ!"

ರಿಪೋರ್ಟ್ ಬಂತು. ಸೊಸೆಗೆ ಥೈರಾಯ್ಡ್. ಅತ್ತೆಗೂ ಥೈರಾಯ್ಡ್!

ಮೇಡಂ ಸಮಾಧಾನವಾಗಿ ವಿವರಿಸಿದರು. ಕತ್ತಿನಲ್ಲಿರೋ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ಹೀಗೆ ಸುಸ್ತು, ಮಾತ್ರೆ ತಗೊಂಡರೆ ಇಬ್ಬರೂ ಚೆನ್ನಾಗಿರ್ತೀರಿ ಅಂದರು.

"ಅಂದ್ರೆ ಇದು ಸೋಮಾರಿತನ ಅಲ್ವಾ?"

"ಅಲ್ಲಮ್ಮ."

ಆಯಮ್ಮ ಸೀದಾ ಎದ್ದು ಗೋಡೆ ಹತ್ತಿರ ಹೋದರು. ಅಲ್ಲಿ ಹಾರ ಹಾಕಿದ್ದ ಅವರ ಅತ್ತೆಯ ಫೋಟೋ. ರಿಪೋರ್ಟನ್ನ ಅದರ ಮುಖಕ್ಕೆ ಹಿಡಿದರು.

"ನೋಡತ್ತೆ! ಸಾಯೋಗಂಟ ಸೋಮಾರಿ ಸೋಮಾರಿ ಅಂತ ಬೈದಲ್ಲ, ನಂಗೆ ಥೈರಾಯ್ಡು ಕಣತ್ತೆ, ಥೈರಾಯ್ಡು!"

ಆಮೇಲೆ ಬಂದು, ಅಳುತ್ತಿದ್ದ ಸೊಸೆಯ ಕೆನ್ನೇನ ಸೆರಗಲ್ಲಿ ಒರೆಸಿದರು. "ನಾನೂ ನಿಂಗೆ ಅಂಗೇ ಅಂದ್ಬುಟ್ಟೆ ಕಣವ್ವ. ಬ್ಯಾಗು ಒಳಗಿಡು, ಎಲ್ಲಿಗೂ ಹೋಗ್ಬೇಡ." ನನಗೂ ಅಳು ಬಂತು, ಸಂತೋಷದ ಅಳು.

ಮೂಗು ಒರೆಸಿಕೊಂಡು ಹೇಳಿದೆ, "ಇಬ್ಬರೂ ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೇಲಿ ಮಾತ್ರೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಕಾಫಿನೂ ಕುಡಿಯೋ ಹಾಗಿಲ್ಲ."

ಅಲ್ಲೀತನಕ ಬಾಗಿಲಿಗೆ ಒರಗಿ ಆಕಳಿಸುತ್ತಿದ್ದ ಮಗ ಈಗ ಬಾಯಿಬಿಟ್ಟ. "ಅಂಗಾದ್ರೆ ಬೆಳಗ್ಗೆ ನಂಗೆ ಕಾಫಿ ಕಾಯಿಸೋರು ಯಾರವ್ವ?"

ಅತ್ತೆ ತಿರುಗಿ ಅವನನ್ನ ಮೇಲಿಂದ ಕೆಳಗೆ ನೋಡಿದರು.

"ನೀನೇ ಕಾಯಿಸ್ಕೊ. ನಮ್ಮಿಬ್ರುದ್ದೂ ಥೈರಾಯ್ಡು. ನಿಂದೊಂದೇ ಸೋಮಾರಿತನ ಕಣ್ಲಾ!"