ಹಾಡು ತಾಗದ ಮೇಷ್ಟರು

ಜಾಹೀರಾತಿಗೆ ಮರುಳಾಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಕೋಪವಲ್ಲ, ಕನಿಕರ. ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟರು. ಗ್ರಾಹಕರ ಪಾಠ ಬಂತೆಂದರೆ ನನಗೆ ಹಬ್ಬ. "ಮಕ್ಕಳೇ, ನಿಮಗೆ ಬೇಕಾದದ್ದನ್ನು ಅವರು ಮಾರುವುದಿಲ್ಲ, ಅವರು ಮಾರುವುದು ನಿಮಗೆ ಬೇಕು ಅನ್ನಿಸುವಂತೆ ಮಾಡುತ್ತಾರೆ" ಎಂದು ಪ್ರತಿವರ್ಷ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಂಡು ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾರೆ. ನಾನು ಸಂತೋಷದಿಂದ ಪೂರ್ತಿ ಅಂಕ ಕೊಡುತ್ತೇನೆ. ಪಕ್ಕದ ತರಗತಿಯ ಗಣಿತದ ಮೇಡಮ್ಮು ಒಮ್ಮೆ ಕಿಟಕಿಯ ಹತ್ತಿರ ನಿಂತು ನನ್ನ ಪಾಠ ಕೇಳಿದ್ದುಂಟು. ಆಮೇಲೆ ಗೊತ್ತಾಯಿತು, ಅವರು ಡಸ್ಟರು ಕೇಳಲು ಬಂದಿದ್ದರಂತೆ.

ಇನ್ನು ನಮ್ಮ ಮನೆಯ ಅಟ್ಟದ ವಿಷಯ. ಹೇಳದೆ ಬಿಡಬಹುದಿತ್ತು, ಆದರೆ ನೀವು ಎಂದಾದರೂ ನಮ್ಮ ಮನೆಗೆ ಬಂದರೆ ತಲೆಯೆತ್ತಿ ನೋಡಿಯೇ ನೋಡುತ್ತೀರಿ. ಅಲ್ಲಿ ಹೊಟ್ಟೆ ಕರಗಿಸುವ ನಡುಗುವ ಪಟ್ಟಿ ಇದೆ. ಅಂಗಾಲು ತಿಕ್ಕುವ ಯಂತ್ರವಿದೆ. ಚಪಾತಿಯನ್ನು ತಾನೇ ಒತ್ತಿ ತಾನೇ ಬೇಯಿಸುತ್ತೇನೆಂದು ಮಾತು ಕೊಟ್ಟು, ಒಂದೇ ಒಂದು ಚಪಾತಿಯನ್ನು ಹಪ್ಪಳ ಮಾಡಿ ಮೌನವಾದ ಇನ್ನೊಂದು ಯಂತ್ರವಿದೆ. ಇವನ್ನೆಲ್ಲ ನಾನು ಜಾಹೀರಾತು ನೋಡಿ ಕೊಂಡವನಲ್ಲ, ಪ್ರತಿಯೊಂದಕ್ಕೂ ಕಾರಣವಿತ್ತು. ಆದರೆ ನನ್ನ ಹೆಂಡತಿ ಶಾರದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಕಾರಣಗಳನ್ನು ಅವಳು ದಿನವಿಡೀ ಕೇಳಿ ಕೇಳಿ ಮನೆಗೆ ಬರುವವಳು. "ನೀವು ಒಂದ್ ವಾರ ಒಂದ್ ಹಾಡು ಗುನುಗ್ತೀರ, ಮುಂದಿನ್ ವಾರ ಮನೆಗೆ ಒಂದ್ ಡಬ್ಬ ಬರುತ್ತೆ. ಇಷ್ಟು ವರ್ಷದಲ್ಲಿ ಒಂದ್ ಸಲಾನೂ ತಪ್ಪಿಲ್ಲ" ಎನ್ನುತ್ತಾಳೆ. ಗುನುಗುವುದು ನಿಜ. ಬಚ್ಚಲಲ್ಲಿ, ಬಸ್ಸಿನಲ್ಲಿ, ಉತ್ತರಪತ್ರಿಕೆ ತಿದ್ದುವಾಗ ಏನಾದರೊಂದು ರಾಗ ಬಾಯಲ್ಲಿರುತ್ತದೆ. ಅದು ಸಂಗೀತದ ಸಂಸ್ಕಾರ ಎಂದು ನಾನು ತಿಳಿದಿದ್ದೆ.

ಹೀಗಿರುವಾಗ ನಮ್ಮ ಮಗಳು ನಿಧಿ ಒಂದು ಸಿನಿಮಾ ತೆಗೆಯಲು ಹೊರಟಳು. ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಓದುತ್ತಿದ್ದಾಳೆ. ಕಾಲೇಜಿನಲ್ಲಿ ಹತ್ತು ನಿಮಿಷದ ಚಿತ್ರಗಳ ಸ್ಪರ್ಧೆ. ಮೊಬೈಲಿನಲ್ಲೇ ತೆಗೆದು ಸೋಮವಾರದೊಳಗೆ ಕೊಡಬೇಕು. ನಿಧಿ ನಿರ್ದೇಶಕಿ, ಅವಳ ಗೆಳತಿ ಆಯೇಷಾ ಕ್ಯಾಮೆರಾ, ಇನ್ನೊಬ್ಬ ಗೆಳತಿ ಕೀರ್ತನಾ ಹಾಡುಗಾರ್ತಿ. ಕಥೆ ಇಷ್ಟು: ಒಂದು ಊರಲ್ಲಿ ಹುಡುಗಿಯರ ಒಂದು ಹಾಡಿನ ತಂಡ. ಅವರ ಹಾಡು ಎಲ್ಲರ ಬಾಯಲ್ಲೂ. ಅವರಿಗೇ ಗೊತ್ತಿಲ್ಲದಂತೆ ಹಾಡು ಹೊರತರುವ ಕಂಪನಿಯ ಮ್ಯಾನೇಜರು ಹಾಡಿನ ಕೆಳಗೆ ಮೆಲ್ಲಗೆ ಒಂದು ಪಿಸುಮಾತು ಸೇರಿಸಿರುತ್ತಾನೆ: ಹಳದಿ ಕನ್ನಡಕ ತಗೋ. ಬೆಳಗಾದರೆ ಊರಿಗೆ ಊರೇ ಹಳದಿ ಕನ್ನಡಕ. ಮುಂದಿನ ವಾರ ನೀಲಿ; ಹಳದಿಯೆಲ್ಲ ಚರಂಡಿಯಲ್ಲಿ. ಕನ್ನಡಕಗಳನ್ನು ಮೂವರೂ ನಮ್ಮ ನಡುಮನೆಯಲ್ಲಿ ಕೂತು ರಟ್ಟು ಕತ್ತರಿಸಿ, ಸಿಹಿತಿಂಡಿ ಪೊಟ್ಟಣದ ಹಳದಿ ಹಾಳೆ ಅಂಟಿಸಿ ಮಾಡಿದರು.

"ಅಪ್ಪಾ, ನಿಂಗೊಂದ್ ಪಾರ್ಟ್ ಇದೆ, ಮಾಡ್ತೀಯಾ?" ಎಂದಳು ನಿಧಿ. "ಊರಲ್ಲಿ ಎಲ್ರಿಗೂ ಹಾಡು ತಾಗುತ್ತೆ ಕಣಪ್ಪ. ಒಬ್ರು ಮೇಷ್ಟ್ರಿಗೆ ಮಾತ್ರ ತಾಗಲ್ಲ. ಕೊನೇಲಿ ಅವ್ರು ಬಂದು 'ನನಗೆ ಯಾವ ಹಾಡೂ ತಾಗೋದಿಲ್ಲ' ಅಂತಾರೆ. ಅಲ್ಲಿಗೆ ಫಿಲ್ಮು ಎಂಡು."

ಅಡುಗೆಮನೆಯಲ್ಲಿ ಶಾರದೆಗೆ ಕೆಮ್ಮು ಬಂತು. ನಾನು ಅದನ್ನು ಗಮನಿಸದೆ, ಪಾತ್ರದ ಒಳಮನಸ್ಸು ಎಂಥದು ಎಂದು ನಿಧಿಯನ್ನು ವಿಚಾರಿಸಿದೆ. "ನೀನು ಪಾಠ ಮಾಡೋ ಹಾಗೆ ನಿಂತ್ಕೊಂಡ್ರೆ ಸಾಕು" ಎಂದಳು.

ಕೊನೆಯ ದೃಶ್ಯ ನಮ್ಮ ಹಳ್ಳಿ ಸಾದಲಿಯಲ್ಲಿ, ನಮ್ಮಣ್ಣ ರೇಷ್ಮೆ ಸಾಕುವ ಹುಳದ ಮನೆಯಲ್ಲಿ. ಜನ ಅಂಗಡಿಯಲ್ಲಿ ಮುಗಿಬೀಳುವುದು, ರೇಷ್ಮೆಹುಳ ಸೊಪ್ಪಿನ ಮೇಲೆ ಮುಗಿಬೀಳುವುದು, ಇವೆರಡನ್ನೂ ಒಂದರ ಹಿಂದೊಂದು ತೋರಿಸಿ, ಹುಳಗಳ ನಡುವೆ ಅಲುಗಾಡದೆ ನಿಂತ ಮೇಷ್ಟರು ಮಾತು ಹೇಳಬೇಕೆಂದು ನಿಧಿಯ ಯೋಚನೆ. ಯೋಚನೆ ಚೆನ್ನಾಗಿತ್ತು. ಆದರೆ ಭಾನುವಾರವೇ ಆಗಬೇಕು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳ ವಾರವೊಂದು ಹಗಲಿರುಳು ಮೇಯುತ್ತದೆ, ಆಮೇಲೆ ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಏರಿದರೆ ಒಂದೆಲೆಯನ್ನೂ ಮುಟ್ಟುವುದಿಲ್ಲ. ಅದಕ್ಕೆ ಇನ್ನು ಎರಡು ಮೂರು ದಿನವಷ್ಟೇ ಉಳಿದಿತ್ತು. ಅತ್ತಿಗೆ ಫೋನಿನಲ್ಲೇ ಷರತ್ತು ಹಾಕಿದರು: "ಬರ್ಲಿ, ಬೇಡ ಅನ್ನಲ್ಲ. ಆದ್ರೆ ಸೆಂಟು, ಪೌಡ್ರು, ಮಲ್ಲಿಗೆ ಹೂವು ಏನೂ ಬೇಡ. ವಾಸ್ನೆ ಬಿದ್ರೆ ಹುಳ ತಲೆ ಎತ್ಬಿಡ್ತವೆ, ಸೊಪ್ಪು ಮುಟ್ಟಲ್ಲ." ಮೂವರು ಹುಡುಗಿಯರೂ ಹಾಗೇ ಬಂದರು. ಕೀರ್ತನಾ ಅಂತೂ ಸೋಪು ಕೂಡ ಬಿಟ್ಟು ಕಡಲೆಹಿಟ್ಟಿನಲ್ಲಿ ಮುಖ ತೊಳೆದು ಬಂದಿದ್ದಳು.

ಈಗ ನನ್ನ ಚೀಲದೊಳಗಿದ್ದ ಒಂದು ಸಣ್ಣ ಡಬ್ಬಿಯ ವಿಷಯ ಹೇಳಲೇಬೇಕು. ಹದಿನೈದು ದಿನದಿಂದ ನನ್ನ ಬಾಯಲ್ಲಿ ಒಂದು ರಾಗವಿತ್ತು. ಟಿವಿಯಲ್ಲಿ ಅದು ಬರುವಾಗ ಒಬ್ಬ ಗಂಡಸು ಜಲಪಾತದಿಂದ ಎದ್ದು ಬಂದು ಕಂಕುಳಿಗೆ ಏನೋ ಸಿಂಪಡಿಸಿಕೊಳ್ಳುತ್ತಾನೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಸಿಲಿನ ಊರಿನ ಮೇಷ್ಟರಿಗೆ ಬೆವರು ಒಂದು ತೊಂದರೆ, ಅದಕ್ಕೆ ಕೊಂಡೆ. ಶಾರದೆಗೆ ಕಾಣದಿರಲಿ ಎಂದು ಚೀಲದ ತಳದಲ್ಲಿಟ್ಟಿದ್ದೆ. ಅಣ್ಣನ ಮನೆಯ ಹಿಂದಿನ ನೀರಿನ ತೊಟ್ಟಿಯ ಬಳಿ ಕೈಕಾಲು ತೊಳೆಯುವಾಗ, ಕ್ಯಾಮೆರಾದ ಮುಂದೆ ನಿಲ್ಲುವವನಿಗೆ ಕಳೆ ಬೇಡವೇ ಎನ್ನಿಸಿತು. ಹುಳದ ಮನೆಯಲ್ಲೇ ಹುಟ್ಟಿ ಬೆಳೆದವನು ನಾನು. ಅಲ್ಲಿ ಬೀಡಿ ಸೇದಿದವರನ್ನು ನಮ್ಮಜ್ಜಿ ಪೊರಕೆ ಹಿಡಿದು ಅಟ್ಟಿದ್ದು ನೋಡಿದವನು. ಆದರೆ ಡಬ್ಬಿಯ ಮೇಲೆ ಪ್ರಕೃತಿಯ ಪರಿಮಳ ಎಂದು ಬರೆದಿತ್ತು. ಹುಳವೂ ಪ್ರಕೃತಿಯದೇ ತಾನೆ ಎಂದು ಮನಸ್ಸು ವಾದಿಸಿತು. ಎರಡೇ ಎರಡು ಸಲ ಒತ್ತಿಕೊಂಡೆ.

ಒಳಗೆ ಹೋದೆವು. ಸೊಪ್ಪು ಹಾಕಿ ಸ್ವಲ್ಪ ಹೊತ್ತಾಗಿತ್ತು; ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದಂತೆ ಸರಸರ ಕೇಳುತ್ತಿತ್ತು. ಆಯೇಷಾ ಮೊಬೈಲು ಎತ್ತಿದಳು. ನಾನು ಗಂಟಲು ಸರಿಮಾಡಿಕೊಂಡು ತಟ್ಟೆಗಳ ನಡುವೆ ನಿಂತೆ. ಅಷ್ಟರಲ್ಲಿ ನನ್ನ ಪಕ್ಕದ ತಟ್ಟೆಯ ಸದ್ದು ನಿಂತಿತು. ಹುಳಗಳು ಒಂದೊಂದಾಗಿ ತಲೆ ಎತ್ತಿದವು. ಎತ್ತಿ, ನಾನು ಪ್ರಶ್ನೆ ಕೇಳಿದಾಗ ಕೊನೇ ಬೆಂಚಿನವರು ನೋಡುವಂತೆ ನೋಡಿದವು.

ಅತ್ತಿಗೆ ಚಿಂತಾಮಣಿಯ ಆಚೆಯ ಗಡಿ ಹಳ್ಳಿಯವರು. ಕೋಪ ಬಂದರೆ ಅವರ ಬಾಯಿಗೆ ಮೊದಲು ಬರುವುದು ತೆಲುಗು. "ಎವರಮ್ಮಾ ಅದಿ?" ಎಂದು ಗುಡುಗಿದರು. "ಯಾರಮ್ಮ ಸೆಂಟು ಹಾಕ್ಕೊಂಡ್ ಬಂದಿರೋರು? ಅಷ್ಟು ಹೇಳಿದ್ನಲ್ಲ! ಇಪ್ಪತ್ತು ದಿನ ಮಗೂನ ಸಾಕ್ದಂಗೆ ಸಾಕಿದೀನಿ. ಫಿಲ್ಮೂ ಬೇಡ ಏನೂ ಬೇಡ, ನಡೀರಿ ಆಚೆಗೆ!" ಅವರ ಕಣ್ಣು ನೆಟ್ಟಿದ್ದು ಹುಡುಗಿಯರ ಮೇಲೆ. ನನ್ನ ಮೇಲೆ ಅಲ್ಲ. ಮೇಷ್ಟರ ಮೇಲೆ ಯಾರಿಗೆ ಅನುಮಾನ ಬರುತ್ತದೆ? "ಆಂಟಿ, ನಾನು ಸೋಪು ಕೂಡ ಹಾಕಿಲ್ಲ ಆಂಟಿ" ಎಂದಳು ಕೀರ್ತನಾ. ಅವಳ ಕಣ್ಣಲ್ಲಿ ನೀರು ಬಂತು. ಮೂವರೂ ಅಂಗಳಕ್ಕೆ ಹೋಗಿ ನಿಂತರು. ಎರಡು ವಾರದ ಅವರ ಕೆಲಸ ಅಲ್ಲಿಗೆ ಮುಗಿದ ಹಾಗೆ.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹುಡುಗಿಯರ ಹಿಂದೆಯೇ ಹೊರಗೆ ಬಂದು, ಅವರ ಜೊತೆ ನಿಂತು, ಬೇಸರದಿಂದ ತಲೆ ಕೂಡ ಆಡಿಸಿದೆ. ಈಗ ನೆನೆದರೂ ನಾಚಿಕೆಯಾಗುತ್ತದೆ. ಅತ್ತಿಗೆ ಒಳಗೆ ಕಿಟಕಿಗಳನ್ನೆಲ್ಲ ತೆಗೆಯುತ್ತಿದ್ದರು, ಅಣ್ಣ ಹೊಸ ಸೊಪ್ಪು ಹೊತ್ತು ಓಡುತ್ತಿದ್ದ. ನಿಧಿ ರಟ್ಟಿನ ಕನ್ನಡಕಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು. ಅದನ್ನು ಮಾತ್ರ ನನ್ನಿಂದ ನೋಡಲಾಗಲಿಲ್ಲ. ಬಾಗಿಲಿಗೆ ಹೋಗಿ, "ಅತ್ತಿಗೆ, ಮಕ್ಕಳದ್ದೇನೂ ತಪ್ಪಿಲ್ಲ. ನಾನೇ ಹಾಕ್ಕೊಂಡಿರೋದು" ಎಂದೆ.

ಅತ್ತಿಗೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಹುಡುಗೀರು ಒಳಗ್ ಬರ್ಲಿ. ನೀನು ಆ ಹುಣಸೇಮರದ ಹತ್ರ ನಿಂತ್ಕೊ, ಗಾಳಿ ಆ ಕಡೆಗೆ ಬೀಸ್ತೈತೆ" ಎಂದರು. ಅರ್ಧ ಗಂಟೆಗೆಲ್ಲ ಹುಳಗಳು ಮತ್ತೆ ಮೇಯತೊಡಗಿದವು. ಆಯೇಷಾ ಮನದಣಿಯೆ ಚಿತ್ರ ತೆಗೆದಳು. ಕೊನೆಯ ಮಾತಿಗೆ ಮೇಷ್ಟರು ಒಳಗೆ ಬರುವಂತಿಲ್ಲವಲ್ಲ? ನಿಧಿ ಮರದಿಂದ ನನ್ನನ್ನು ಕರೆಸಿ, ಸೊಳ್ಳೆಪರದೆ ಹೊಡೆದ ಕಿಟಕಿಯಿಂದ ಮೂರು ಮಾರು ದೂರ ನಿಲ್ಲಿಸಿದಳು. ಅಲ್ಲಿಂದಲೇ, "ನನಗೆ ಯಾವ ಹಾಡೂ ತಾಗೋದಿಲ್ಲ!" ಎಂದು ಕೂಗಿ ಹೇಳಿದೆ. ಪಾಠದ ಗತ್ತು ಬರಲಿಲ್ಲ, ಆದರೂ ನಿಧಿ ಓಕೆ ಎಂದಳು.

ಶನಿವಾರ ಕಾಲೇಜಿನಲ್ಲಿ ಪ್ರದರ್ಶನ. ಶಾರದೆಯ ಪಕ್ಕ ಮುಂದಿನ ಸಾಲಿನಲ್ಲೇ ಕೂತಿದ್ದೆ. ಚಿತ್ರ ಕೊನೆಗೆ ಬಂತು. ಕಿಟಕಿಯಾಚೆ ನಿಂತ ಮೇಷ್ಟರು ಹಾಡು ತಾಗುವುದಿಲ್ಲ ಎಂದರು. ಅದಾದ ಮೇಲೆ ಪರದೆಯ ಮೇಲೆ ಒಂದು ನೀರಿನ ತೊಟ್ಟಿ. ಅದರ ಮರೆಯಲ್ಲಿ ಅದೇ ಮೇಷ್ಟರು ಅತ್ತ ಇತ್ತ ನೋಡಿ, ಜಲಪಾತದ ರಾಗ ಗುನುಗುತ್ತ, ಕಣ್ಣು ಮುಚ್ಚಿಕೊಂಡು ಕಂಕುಳಿಗೆ ಸಿಂಪಡಿಸಿಕೊಳ್ಳುತ್ತಿದ್ದಾರೆ. ಆ ಭಾನುವಾರ ಆಯೇಷಾ ಹಿಪ್ಪುನೇರಳೆ ಗಿಡದ ಚಿತ್ರ ತೆಗೆಯುತ್ತಿದ್ದವಳು ನನ್ನನ್ನೂ ತೆಗೆದಿದ್ದಳು. ಅದನ್ನು ಸಂಜೆ ನೋಡುವವರೆಗೆ ಅವಳಿಗೂ ಗೊತ್ತಿರಲಿಲ್ಲವಂತೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಶಾರದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೊದಲ ಬಹುಮಾನವೂ ಬಂತು. ಪ್ರಿನ್ಸಿಪಾಲರು ನನ್ನ ಕೈ ಕುಲುಕಿ, "ಎಂಥಾ ಸಹಜ ಅಭಿನಯ ಸಾರ್!" ಎಂದರು. ಬರುವಾಗ ಬಸ್ಸಿನಲ್ಲಿ ನಿಧಿ, "ಬೇಜಾರಾಯ್ತಾಪ್ಪ?" ಎಂದು ಕೇಳಿದಳು. "ಕಥೆಗೆ ಬೇಕಾದದ್ದು ಬೇಕು ಕಣಮ್ಮ" ಎಂದೆ. ನಿಜಕ್ಕೂ ಬೇಜಾರಿರಲಿಲ್ಲ, ಹೆಮ್ಮೆಯೇ ಇತ್ತು. ಕಿಟಕಿಯ ಪಕ್ಕ ಕೂತು ಕೀರ್ತನಾ ಹಾಡಿದ ಆ ಹಾಡನ್ನೇ ಗುನುಗಿಕೊಂಡು ಬಂದೆ. ಒಳ್ಳೆಯ ರಾಗ. ಭಾನುವಾರವೂ ಬಾಯಲ್ಲಿತ್ತು, ಸೋಮವಾರ ಉತ್ತರಪತ್ರಿಕೆ ತಿದ್ದುವಾಗಲೂ ಇತ್ತು.

ಆ ವಾರದ ಕೊನೆಯಲ್ಲಿ ಅಣ್ಣ, ಅತ್ತಿಗೆ ಗೂಡು ಹಾಕಲು ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದರು. ನಾನೂ ಅಲ್ಲಿಗೆ ಹೋದೆ. ಗೂಡು ಗಟ್ಟಿಯಾಗಿ, ಹೊಳಪಾಗಿ ಬಂದಿತ್ತು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಅತ್ತಿಗೆ ಗೂಡಿನ ರಾಶಿಯ ಪಕ್ಕದಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಮನೆಯಿಂದ ಬರುವ ದಾರಿಯಲ್ಲಿ ನಾನು ಕನ್ನಡಕದಂಗಡಿಗೆ ಹೋಗಿದ್ದೆ. ಬಿಸಿಲಿಗೆ ಒಳ್ಳೆಯದಂತೆ, ಅಂಗಡಿಯವನೇ ಹೇಳಿದ. ಹಳದಿಯದು ಅದೊಂದೇ ಉಳಿದಿತ್ತು.

"ಹುಳ ಮೇಯೋದ್ ನಿಲ್ಸಿ, ಗೂಡು ಕಟ್ಟಿ, ಮಾರ್ಕೆಟ್ಟಿಗೂ ಬಂದಾಯ್ತು ಕಣಪ್ಪ" ಎಂದರು ಅತ್ತಿಗೆ. "ನೀನ್ ಯಾವಾಗ ನಿಲ್ಸೋದು?"

ನಾನು ಕನ್ನಡಕ ತೆಗೆಯಲಿಲ್ಲ. ತೆಗೆದರೆ ಅವರ ಮುಖ ಸರಿಯಾಗಿ ಕಾಣಿಸುತ್ತಿತ್ತು.