ಹೇರ್ಳೆಯವರ ನಿಶ್ಶಬ್ದ ಮನೆ

ವೈಕುಂಠ ಹೇರ್ಳೆಯವರಿಗೆ ಈ ಜಗತ್ತಿನ ಮೇಲೆ ಇದ್ದ ದೂರು ಒಂದೇ: ಅದು ಬಾಯಿ ಮುಚ್ಚುವುದಿಲ್ಲ.

ದೂರಿಗೆ ಕಾರಣವೂ ಇತ್ತು. ಮೂವತ್ತು ಚಿಲ್ಲರೆ ವರ್ಷ ಅವರು ದಾವಣಗೆರೆಯ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಕ್ಯಾಂಟೀನು ನಡೆಸಿದವರು. ತಲೆಯ ಮೇಲೆ ಧ್ವನಿವರ್ಧಕ, ಎಡಕ್ಕೆ ಹಾರ್ನು, ಬಲಕ್ಕೆ ಶೇಂಗಾ ಮಾರುವವನು, ಬೆನ್ನ ಹಿಂದೆ ರುಬ್ಬುವ ಯಂತ್ರ. ಈ ಚತುರಂಗ ಸೈನ್ಯವನ್ನು ಸೋಲಿಸಿ ಅಡುಗೆಯವನ ಕಿವಿ ಮುಟ್ಟಬೇಕಾದರೆ ಸಾಮಾನ್ಯ ಗಂಟಲು ಸಾಲುತ್ತದೆಯೇ? ಗಲ್ಲಾದಲ್ಲಿ ಕೂತು ಅವರು "ಎರಡು ಮಸಾಲೆ, ಒಂದು ಖಾಲಿ, ರೈಟ್!" ಎಂದು ಕೂಗಿದಾಗ, ಹೊರಗೆ ನಿಂತಿದ್ದ ಹರಿಹರದ ಬಸ್ಸು ಕಂಡಕ್ಟರನನ್ನು ಬಿಟ್ಟು ಹೊರಟುಹೋದದ್ದೂ ಉಂಟು. (ಆ ಕಂಡಕ್ಟರ್ ಒಳಗೆ ಅದೇ ಮಸಾಲೆಗೆ ಕಾಯುತ್ತಿದ್ದ ಎಂಬುದು ಬೇರೆ ಮಾತು.)

ಹಾಗಾಗಿ ಕ್ಯಾಂಟೀನು ಬೇರೆಯವರಿಗೆ ವಹಿಸಿ ಕುಂದಾಪುರ ಸೀಮೆಯ ತಮ್ಮ ಊರ ಕಡೆ ಮುಖ ಮಾಡಿದಾಗ ಹೇರ್ಳೆಯವರು ಹೆಂಡತಿ ಗೋಮತಿಯ ಮುಂದೆ ಘೋಷಣೆ ಹೊರಡಿಸಿದರು. "ಕಾಣ್, ಇನ್ನ್ ಉಳ್ದ ಆಯುಷ್ಯ ನಿಶ್ಶಬ್ದದಲ್ಲಿ. ಸುತ್ತ ಎತ್ತರದ ಪಾಗಾರದ ಗೋಡೆ, ಮಧ್ಯ ಒಂದ್ ಅಂಗ್ಳ, ಅಂಗ್ಳದಲ್ಲಿ ಒಂದ್ ಕುರ್ಚಿ. ನಾವ್ ಯಾರಿಗೂ ಕಾಂಬುಕಾಗ, ಯಾರ್ದೂ ನಮ್ಗೆ ಕೇಂಬುಕಾಗ. ಅದಕ್ಕ್ ಪ್ರೈವೆಸಿ ಅಂತ್ರ್."

"ಜೈಲಿಗೂ ಹಾಂಗೇ ಅಂತ್ರಾ?" ಎಂದರು ಗೋಮತಿ.

ಗೋಮತಿಯವರದು ಬೇರೆಯೇ ಹಸಿವು. ಗಂಡ ಗಲ್ಲಾದಲ್ಲಿದ್ದ ಅಷ್ಟೂ ವರ್ಷ ಅವರು ಕ್ಯಾಂಟೀನಿನ ಮೇಲಿನ ಎರಡು ಕೋಣೆಯಲ್ಲಿದ್ದವರು. ಸುತ್ತ ಗದ್ದಲವಿತ್ತು, ಆದರೆ ಅದರಲ್ಲಿ ಒಂದು ಮಾತೂ ಅವರಿಗಾಗಿ ಇರಲಿಲ್ಲ. ಊರಿಗೆ ಹೋದರೆ ಬೇಲಿಯ ಮೇಲಿಂದ "ಇವತ್ತ್ ಎಂತ ಪದಾರ್ಥ?" ಎಂದು ಅಡುಗೆ ವಿಚಾರಿಸುವ ಒಂದು ಜೀವ ಸಿಕ್ಕರೆ ಸಾಕು ಎಂಬುದಷ್ಟೇ ಅವರ ಆಸೆ. ಬೇಲಿಯ ಜಾಗದಲ್ಲಿ ಕೋಟೆ ಕಟ್ಟಲು ಹೊರಟ ಗಂಡನಿಗೆ ಅದನ್ನು ಹೇಗೆ ಹೇಳುವುದು?

ಮನೆ ಹುಡುಕಿಕೊಡುವ ಭಾರ ಬಿದ್ದದ್ದು ಸಾಲಿಗ್ರಾಮದ ಬ್ರೋಕರ್ ರತ್ನಾಕರನ ಮೇಲೆ. ಅವನು ಮೊದಲು ಕೋಡಿ ಎಂಬ ಊರಿನ ಒಂದು ಮನೆಗೆ ಕರೆದೊಯ್ದ. ಹೆಸರಿಗೆ ತಕ್ಕಂತೆ ರತ್ನಾಕರ ರತ್ನಾಕರನನ್ನೇ ತೋರಿಸಿದ. ಹಿತ್ತಿಲಾಚೆಗೆ ಸಮುದ್ರ.

"ಇದ್ ಇಡೀ ದಿನ ಹೀಂಗೇ ಬಡ್ಕಂತಾ?" ಎಂದು ಕೇಳಿದರು ಹೇರ್ಳೆಯವರು.

"ಕಡ್ಲಿಗೆ ರಜೆ ಇಲ್ಲೆ ಹೇರ್ಳೆರೆ."

ಬೈಂದೂರಿನ ಮನೆ ಚೆನ್ನಾಗಿತ್ತು. ಅಂಗಳದ ಅಂದ ನೋಡುತ್ತಿರುವಾಗಲೇ ಗೋಡೆಯ ಹಿಂದಿನಿಂದ ರೈಲು ಹೋಗಿ, ಹೇರ್ಳೆಯವರ ಕೈಯಲ್ಲಿದ್ದ ಎಳನೀರು ಅರ್ಧ ಅವರ ಅಂಗಿಯ ಪಾಲಾಯಿತು. ಶಂಕರನಾರಾಯಣ ಎಂಬ ಊರಿನ ಮನೆಯಲ್ಲಿ ಸದ್ದಿರಲಿಲ್ಲ, ಆದರೆ ಪಕ್ಕದ ಮಹಡಿಯ ಕಿಟಕಿ ನೇರ ಅಂಗಳಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಒಬ್ಬ ಅಜ್ಜಿ ಪರಿಚಯವನ್ನೂ ಕೇಳದೆ "ತಲಿಗ್ ಬಣ್ಣ ಹಾಕುದಾ?" ಎಂದು ಕೂಗಿ ವಿಚಾರಿಸಿದರು. ಹೇರ್ಳೆಯವರು ತಲೆಗೆ ಟೊಪ್ಪಿ ಏರಿಸಿಕೊಂಡು ರತ್ನಾಕರನ ಜೀಪು ಹತ್ತಿದರು.

ಕೊನೆಗೆ ಸಿಕ್ಕಿದ್ದು ಸಾಲಿಗ್ರಾಮದ ಹೈವೇಯಿಂದ ಒಳಗಿನ ದಾರಿಯ ಒಂದು ಹಂಚಿನ ಮನೆ. ಕೆಂಪುಕಲ್ಲಿನ ಪಾಗಾರ ಆಳೆತ್ತರಕ್ಕಿಂತ ಮೇಲೆ. ಹಿಂಬದಿಗೆ ನಾಲ್ಕೂ ಕಡೆ ಗೋಡೆಯಿರುವ ಅಂಗಳ, ಬಾವಿಯ ಹಾಗೆ. ಹೇರ್ಳೆಯವರು ನಡುವೆ ನಿಂತು ಕಣ್ಣು ಮುಚ್ಚಿದರು. ಉಸಿರು ಬಿಗಿಹಿಡಿದು ಆಲಿಸಿದರು. ಮುಖದ ಮೇಲೆ ಬ್ರಹ್ಮಾನಂದ ಹರಡಿತು.

"ಗೋಮತೀ! ಕೇಂತಾ? ಎಂಥದೂ ಕೇಂತಿಲ್ಲೆ ಅಲ್ದಾ!"

ಗೋಮತಿ ಗಂಡನ ಮುಖ ನೋಡಿದರು. ಪಾಗಾರದ ಕಡೆ ನೋಡಿದರು. ರತ್ನಾಕರನನ್ನು ನೋಡಿದರು. ರತ್ನಾಕರ ತನ್ನ ಚಪ್ಪಲಿ ನೋಡಿಕೊಂಡ.

"ಇದೇ ಮನಿ ಆಯ್ಕ್," ಎಂದರು ಗೋಮತಿ.

ಹೆಂಡತಿ ಇಷ್ಟು ಬೇಗ ಒಪ್ಪಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅಲ್ಲಿಯೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಒಕ್ಕಲಾದ ಮೇಲೆ ಹೇರ್ಳೆಯವರ ಜೀವನ ಭೂವೈಕುಂಠವಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಂಗಳದ ಕುರ್ಚಿಯಲ್ಲಿ ಕೂತರೆ ಊಟದ ತನಕ ಏಳುವ ಮಾತಿಲ್ಲ. ಯಾರೂ ನೋಡುವವರಿಲ್ಲವೆಂಬ ಧೈರ್ಯದಲ್ಲಿ ಬನಿಯನ್ನಿಗೂ ನಿವೃತ್ತಿ. ಯಾರೂ ಕೇಳುವವರಿಲ್ಲವೆಂಬ ಧೈರ್ಯದಲ್ಲಿ ಮನಸ್ಸಿನೊಳಗಿನದೆಲ್ಲ ಬಾಯಿಗೆ ಬಂತು. ಹೊಟ್ಟೆ ಸರಿಯಾಗಿ ಹೋಗದ ಕಷ್ಟ, ಕೋಟದ ಭಾವ ಗೌರೀಶನ ಜಿಪುಣತನ, ತಲೆಗೆ ಹಚ್ಚುವ ಬಣ್ಣ ಮುಗಿದದ್ದು, ಗೋಮತಿಯ ಸಾರಿನಲ್ಲಿ ಉಪ್ಪು ಸಾಲದ್ದು, ಒಂದನ್ನೂ ಬಿಡಲಿಲ್ಲ. ಗೋಮತಿ ಹೂ ಕಟ್ಟುತ್ತ ಕೇಳುತ್ತಿದ್ದರು. ವಿಚಿತ್ರವೆಂದರೆ, ಜೈಲೆಂದು ಮೂಗು ಮುರಿದವರು ಈಗ ಸಂತೋಷವಾಗಿಯೇ ಇದ್ದರು. ಆಗಾಗ ಕಾರಣವಿಲ್ಲದೆ ತಮ್ಮಷ್ಟಕ್ಕೆ ನಗುತ್ತಿದ್ದರು. ಏಕಾಂತ ಹೆಂಗಸರಿಗೂ ಒಗ್ಗುತ್ತದೆ ಎಂದು ಹೇರ್ಳೆಯವರು ಬೀಗಿದರು.

ಅವರಿಗಿದ್ದ ಒಂದೇ ಬೇಸರ ಊರವರ ಮಾತಿನ ರೀತಿಯದ್ದು. "ನಮ್ಮೂರಿನವ್ರ್ ಮೊದ್ಲಿಂದ ಮಾತ್ ತುಂಡ್ ಮಾಡ್ತ್ರ್, ಈಗ ಅರ್ಧ ನುಂಗುಕೂ ಶುರು ಮಾಡಿರ್. ಒಬ್ರ್ದೂ ಸಮ ತಿಳಿತಿಲ್ಲೆ," ಎನ್ನುತ್ತಿದ್ದರು. ಪಕ್ಕದ ಮನೆಯವರು ಮಾತ್ರ ಸ್ಪಷ್ಟವಾಗಿ ಮಾತಾಡುವ ಸಭ್ಯರು. ಗಂಡ ಚಂದ್ರ ದೋಣಿಯ ಕೆಲಸ ಬಿಟ್ಟು ಮನೆಯಲ್ಲಿದ್ದವರು, ಹೆಂಡತಿ ಜಲಜ ಬಹಳ ಕಾಲ ಮೀನು ವ್ಯಾಪಾರ ಮಾಡಿದವರು, ಗೋಮತಿ ಕಂಡರೆ ನಿಂತು ಪದಾರ್ಥ ವಿಚಾರಿಸುವವರು, ಜೊತೆಗೆ ಸೊಸೆ ಅಮಿತಾ. ದಾರಿಯಲ್ಲಿ ಸಿಕ್ಕಾಗ ಮೂವರೂ ಗಟ್ಟಿಯಾಗಿ, ಬಾಯಿ ಬಿಡಿಸಿ ಮಾತಾಡುತ್ತಿದ್ದರು. ಅಂಥ ಗಟ್ಟಿ ಗಂಟಲಿನವರು ಮನೆಯೊಳಗೆ ಇಷ್ಟು ಮೌನವಾಗಿರುವುದು ಹೇರ್ಳೆಯವರಿಗೆ ದೊಡ್ಡ ಸಂಸ್ಕಾರವಾಗಿ ಕಂಡಿತು.

ಹೀಗಿರುವಾಗ ಒಂದು ದಿನ ದಾರಿಯ ತುದಿಯಲ್ಲಿದ್ದ ಶೇಖರನ ದಿನಸಿ ಅಂಗಡಿಗೆ ಹೋದರೆ, ಬಾಯಿ ತೆರೆಯುವ ಮೊದಲೇ ಅವನು ತಲೆಗೆ ಹಚ್ಚುವ ಬಣ್ಣದ ಪೊಟ್ಟಣ ಮುಂದಿಟ್ಟ. "ಮುಗ್ದಿತ್ತಂಬ್ರಲೆ?" ಹೇರ್ಳೆಯವರು ಕಕ್ಕಾಬಿಕ್ಕಿ. ಮರುದಿನ ದಾರಿಯಲ್ಲಿ ಚಂದ್ರ ಸಿಕ್ಕಿ, ಹೋಗಿಬರುವವರೆಲ್ಲ ತಿರುಗಿ ನೋಡುವಂತೆ, "ಹ್ವಾಯ್ ಹೇರ್ಳೆರೆ, ಊಟ ಆದ್ಮೇಲೆ ಎರಡ್ ಬಾಳಿಹಣ್ಣ್ ತಿನ್ನಿ, ಸಲೀಸ್ ಆತ್!" ಎಂದರು. ಅದರ ಮರುದಿನ ಕೋಟದಿಂದ ಗೌರೀಶ ಭಾವನ ಫೋನು: "ನಾನ್ ಜಿಪುಣನಾ ವೈಕುಂಠ? ನಿನ್ ಮದ್ವಿಗೆ ಸ್ಟವ್ ಕೊಟ್ಟದ್ ಯಾರ್?"

ಹೇರ್ಳೆಯವರು ಫೋನಿಟ್ಟು ಹೆಂಡತಿಯ ಕಡೆ ತಿರುಗಿದರು. ಕೋಟೆಯ ಗುಟ್ಟು ಹೊರಗೆ ಹೋಗಿದೆ ಎಂದರೆ ಒಳಗೊಬ್ಬ ದ್ರೋಹಿ ಇರಲೇಬೇಕು. ಒಳಗಿರುವುದು ಇಬ್ಬರೇ.

"ನೀನೇ ಹೇಳದ್!"

"ನಾನಾ? ಯಾರ್ಹತ್ರ ಹೇಳ್ಲಿ, ಪಾಗಾರದ ಹತ್ರವಾ? ಈ ಮನಿಗ್ ಬಂದ್ಮೇಲೆ ನಾನ್ ಬಾಯಿ ಬಿಡುಕೆ ನೀವ್ ಜಾಗ ಬಿಟ್ಟಿದ್ರೆ ಅಲ್ದಾ!"

"ಹಾಂಗಾರೆ ಗೋಡೆ ಹೋಯಿ ಹೇಳ್ತಾ?"

"ನಂಗೊತ್ತಿಲ್ಲೆ," ಎಂದು ಗೋಮತಿ ಮುಖ ತಿರುಗಿಸಿದರು. ಕಣ್ಣು ಸ್ವಲ್ಪ ತುಂಬಿತ್ತು. ಏನೋ ಹೇಳಹೊರಟು ನುಂಗಿಕೊಂಡಂತಿತ್ತು. ಹೇರ್ಳೆಯವರು ಅದನ್ನು ಅಪರಾಧಿಯ ಲಕ್ಷಣವೆಂದು ತೀರ್ಮಾನಿಸಿದರು.

ಅವರು ಪತ್ತೇದಾರರಾದರು. ಸಂಜೆ ಗೋಮತಿಯನ್ನು ಅಂಗಳಕ್ಕೆ ಕರೆದು, ಅವರ ಮೊಬೈಲನ್ನು ತಮ್ಮ ಪಂಚೆಯ ಮಡಿಲಿಗೆ ಸೇರಿಸಿ, ಹೊರಬಾಗಿಲಿಗೆ ಬೀಗ ಜಡಿದು, ಕಿವಿಯ ಹತ್ತಿರ ಬಗ್ಗಿ ಗುಟ್ಟು ಉಸುರಿದರು. (ಉಸುರಿದ್ದು ಎಂಬುದು ಅವರ ಅಭಿಪ್ರಾಯ.) "ಯಾರಿಗೂ ಹೇಳ್ಬೇಡ. ನಾವ್ ಈ ಮನಿ ಮಾರಿ ಕಾಶಿಗ್ ಹೋಪ. ಅಲ್ಲೇ ಇಪ್ಪ!"

ಎಲ್ಲವೂ ಶುದ್ಧ ಸುಳ್ಳು. ಇನ್ನು ಈ ಸುದ್ದಿ ಹೊರಗೆ ಹೋಗುವುದೋ ಇಲ್ಲವೋ ನೋಡೋಣವೆಂದು ಅವರು ನೆಮ್ಮದಿಯಾಗಿ ಮಲಗಿದರು.

ಬೆಳಿಗ್ಗೆ ಬೀಗ ತೆಗೆದರೆ ಬಾಗಿಲಲ್ಲಿ ಮೂವರು. ಮುಂದೆ ರತ್ನಾಕರ, "ಮನಿ ಕೊಡುದಾರೆ ನಂಗ್ ಮೊದ್ಲ್ ಹೇಳುಕಾಗ್ದಾ, ಒಬ್ರ್ ತಕಂಬ್ಕೆ ತಯಾರಿದ್ರ್" ಎನ್ನುತ್ತ. ಹಿಂದೆ ಚಂದ್ರ, ಕೈಯಲ್ಲೊಂದು ಹಿತ್ತಾಳೆಯ ಗಿಂಡಿ. ಪಕ್ಕದಲ್ಲಿ ಜಲಜ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

"ಕಾಶಿಗ್ ಹೋತ್ರಂಬ್ರಲೆ. ಯಾರಾರೂ ಈ ಕಡಿಗ್ ಬಪ್ಪವ್ರಿದ್ರೆ ಒಂದ್ ಗಿಂಡಿ ಗಂಗೆ ಕಳ್ಸಿ ಹೇರ್ಳೆರೆ," ಎಂದರು ಚಂದ್ರ.

"ಗೋಮತಮ್ಮ ಹೋರೆ ನಂಗ್ಯಾರಿದ್ರ್?" ಎಂದರು ಜಲಜ.

ಹೇರ್ಳೆಯವರು ಕೈಯಲ್ಲಿದ್ದ ಬೀಗವನ್ನೊಮ್ಮೆ ತಿರುಗಿಸಿ ನೋಡಿದರು. "ನಿಮ್ಗೆ... ನಿಮ್ಗ್ ಇದ್ ಯಾರ್ ಹೇಳ್ದ್ರ್?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀವೇ ಹೇಳದ್ದಲ್ದಾ!" ಎಂದರು ಜಲಜ. "ನಿನ್ನೆ ಸಂಜಿ, ಹೊತ್ ಕಂತುವತಿಗೆ. ನಾವ್ ಟಿವಿ ಬಂದ್ ಮಾಡಿ ಕೇಂಡದ್ದ್. ನೀವ್ ಮಾತಾಡ್ರೆ ಶೇಖರನ ಅಂಗ್ಡಿ ತನ್ಕ ಕೇಂತ್."

"ಸುಳ್ಳ್! ನನ್ ಮಾತ್ ನಿಮ್ಗೆ ಕೇಂತಾರೆ ನಿಮ್ ಮಾತ್ ನಂಗ್ ಕೇಣ್ಕಲೆ? ನಿಮ್ಮನಿಯಂಗೆ ಒಂದ್ ಸೂಜಿ ಬಿದ್ದದ್ದೂ ನಾನ್ ಕೇಂಡ್ದಿಲ್ಲೆ!"

ಚಂದ್ರ ಗಿಂಡಿಯನ್ನು ಕೆಳಗಿಟ್ಟು ಮೆತ್ತಗೆ, ಆದರೆ ಬಾಯಿ ಬಿಡಿಸಿ, ಕೇಳಿದರು: "ಹೇರ್ಳೆರೆ, ಈಗ ನಮ್ಮನಿಯಂಗೆ ಅಮಿತಾ ಮಿಕ್ಸಿ ತಿರ್ಗಿಸ್ತಾ ಇತ್ತ್. ಕೇಂತಾ?"

ಹೇರ್ಳೆಯವರು ಆಲಿಸಿದರು. ಅದೇ ಬ್ರಹ್ಮಾನಂದದ ನಿಶ್ಶಬ್ದ. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.

"ನಿಂಗ್ ಕೇಂತಾ?"

"ಕೇಂತ್."

"ಯಾವತ್ತಿಂದ?"

"ಮನಿ ಕಾಂಬುಕ್ ಬಂದ ದಿನದಿಂದ," ಎಂದರು ಗೋಮತಿ. "ಅವತ್ತ್ ಇವ್ರಿಬ್ರೂ ಜಗ್ಳ ಮಾಡ್ತಾ ಇದ್ದಿರ್, ರೇಡಿಯೋ ಹಾಡ್ತಾ ಇತ್ತ್, ಯಾರೋ ಕಾಯಿ ಒಡೀತಾ ಇದ್ದಿರ್. ನಂಗ್ ಜೀವ ಬಂದಾಂಗ್ ಆಯ್ತ್. ನೀವ್ ಕಂಡ್ರೆ ಕಣ್ಮುಚ್ಚಿ, ಎಂಥದೂ ಕೇಂತಿಲ್ಲೆ ಅಂದ್ರಿ. ಕೇಂತಿಲ್ಲೆ ಅಂದ್ಹೇಳಿ ನಿಮ್ಗ್ ಖುಷಿ, ಕೇಂತ್ ಅಂದ್ಹೇಳಿ ನಂಗ್ ಖುಷಿ. ಬಾಯಿ ಬಿಟ್ಟ್ ಇಬ್ರ ಖುಷಿಯೂ ಎಂತಕ್ ಹಾಳ್ ಮಾಡುದ್?" ಹಾಗೆಯೇ ಸೇರಿಸಿದರು: "ಮತ್ತೆ ಕಿವಿ ಮಂದ ಆಯ್ತ್ ಅಂದ್ರೆ ನಿಮ್ಗ್ ಬೇಜಾರಾತ್ ಅಂದ್ಹೇಳಿ..."

ಇಡೀ ಕರಾವಳಿಯಲ್ಲೇ ಅತಿ ಗದ್ದಲದ ಮನೆಯನ್ನು ಹುಡುಕಿ ಆರಿಸಿದ ಹೇರ್ಳೆಯವರು ಅಂದು ಕುರ್ಚಿಯ ಮೇಲೆ ಕೂರಲಿಲ್ಲ. ಬನಿಯನ್ನು ಹುಡುಕಿ ತೊಟ್ಟುಕೊಂಡರು. ಹೆಂಡತಿಯ ಮೊಬೈಲನ್ನು ಹಿಂದಕ್ಕೆ ಕೊಟ್ಟರು. ಕೊಡುವಾಗ "ತಪ್ಪಾಯ್ತ್ ಮಾರಾಯ್ತಿ" ಎಂದದ್ದು ಗುಟ್ಟಾಗಿಯೇ, ಆದರೆ ಶೇಖರನ ಅಂಗಡಿಯಲ್ಲಿ ಒಂದಿಬ್ಬರು "ಪಾಪ" ಎಂದರಂತೆ.

ಆ ವಾರವೇ ಗೋಮತಿ ಅವರನ್ನು ಕುಂದಾಪುರದ ಕಿವಿ ಡಾಕ್ಟರರ ಹತ್ತಿರ ಕರೆದೊಯ್ದು ಯಂತ್ರ ಹಾಕಿಸಿಕೊಂಡು ಬಂದರು. ಯಂತ್ರ ಹೊಕ್ಕ ಕಿವಿಗೆ ಲೋಕವೇ ನುಗ್ಗಿ ಬಂತು. ಬಸ್ಸಿನ ಹಾರ್ನು, ಕಾಗೆ, ಒಗ್ಗರಣೆ, ತಮ್ಮದೇ ಚಪ್ಪಲಿ. ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಗೋಮತಿ ಒಲೆಯ ಮುಂದೆ ಯಾವುದೋ ಹಳೆಯ ಶೋಭಾನೆಯನ್ನು ಗುನುಗುತ್ತಿದ್ದರು. ಹಾಡುವುದನ್ನು ಇವಳು ಎಂದೋ ಬಿಟ್ಟಳೆಂದು ಹೇರ್ಳೆಯವರು ತಿಳಿದಿದ್ದರು. ಅವರು ಕದಲದೆ ನಿಂತು ಕೇಳಿದರು. (ಹಾಡು ಮುಗಿದ ಮೇಲೆ "ಕಂಬದ ಹಾಂಗ್ ನಿತ್ಕಂಡಿರ್ ಕಾಣ್" ಎಂಬ ಗೊಣಗಾಟವೂ ಕೇಳಿತು. ಯಂತ್ರ ಚೆನ್ನಾಗಿಯೇ ಇತ್ತು.)

ಆದರೆ ಪಾಗಾರದಾಚೆಯಿಂದ ಮಾತ್ರ ಏನೂ ಇಲ್ಲ. ರೇಡಿಯೋ ಇಲ್ಲ, ಜಗಳ ಇಲ್ಲ, ಜಲಜರ ನಗು ಇಲ್ಲ. ಹೇರ್ಳೆಯವರಿಗೆ ಕಿವಿ ಬಂದಿದೆ, ಸದ್ದೆಂದರೆ ಅವರಿಗಾಗದು ಎಂಬುದು ಕೇರಿಗೆಲ್ಲ ತಿಳಿದಿತ್ತು. ಕಿವಿ ಬಂದ ಸುದ್ದಿಯನ್ನು ಕೋಟದ ಭಾವನಿಗೆ ಫೋನಿನಲ್ಲಿ ಅವರೇ ಅಂಗಳದಿಂದ ಕೂಗಿದ್ದರಲ್ಲ! ಪಾಪ, ಚಂದ್ರನ ಮನೆಯವರು ಮಿಕ್ಸಿಯನ್ನೂ ಬಿಟ್ಟು ಕಲ್ಲಿನಲ್ಲಿ ಅರೆಯತೊಡಗಿದ್ದರು.

"ನನ್ ಮನ್ಷರನ್ನೆಲ್ಲ ಬಂದ್ ಮಾಡಿ ಹಾಕಿದ್ರಿ," ಎಂದು ಗೋಮತಿ ಹೂವಿನ ಬುಟ್ಟಿಯನ್ನು ಕುಕ್ಕಿದರು. ಜೀವಮಾನವಿಡೀ ಬೇಡಿದ ಅಪ್ಪಟ ನಿಶ್ಶಬ್ದ ಈಗ ಎದುರಿಗೆ ಕೂತು ಹೇರ್ಳೆಯವರನ್ನೇ ದುರುಗುಟ್ಟಿ ನೋಡುತ್ತಿತ್ತು.

ಒಂದು ಸಂಜೆ ಜಲಜ ಮೈಮರೆತಿರಬೇಕು. ಪಾಗಾರದಾಚೆ ಬಟ್ಟೆ ಮಡಚುತ್ತ ಸೊಸೆಗೆ ಕಥೆ ಶುರುಮಾಡಿದರು. "ಕೇಂಡ್ಯಾ ಅಮಿತಾ? ನಮ್ ಕೋಡಿ ಗುಡ್ಡಣ್ಣ ಹೊಸ ಹಲ್ಲಿನ ಸೆಟ್ ಹಾಕ್ಸ್ಕಂಡ್ ದೋಣಿ ಹತ್ತಿದ್ನಂಬ್ರ್. ಮೀನಿನ ಬಲಿ ಎಳೂವತಿಗೆ ಒಂದ್ ಸೀನ್ ಬಂತಂಬ್ರ್ ಕಾಣ್, ಹಲ್ಲ್ ಅಷ್ಟೂ ಸೀದಾ ನೀರಿಗೆ!"

ಗೋಮತಿಯ ಕೈಯಲ್ಲಿ ಹೂವು ನಿಂತಿತು. ಹೇರ್ಳೆಯವರು ಕುರ್ಚಿಯನ್ನು ಸದ್ದಿಲ್ಲದೆ ಪಾಗಾರದ ಹತ್ತಿರಕ್ಕೆ ಸರಿಸಿದರು.

"ಅಯ್ಯೋ! ಮತ್ತೆ?" ಎಂದಿತು ಸೊಸೆಯ ದನಿ.

"ಮತ್ತೆಂತ, ಬಲಿ ಮೇಲ್ ಬಂತ್. ದೋಣಿಯಂಗೆ ಮೀನ್ ಸುರ್ದ್ ಕಾಂತ್ರ್, ಒಂದ್ ದೊಡ್ಡ್ ಮೀನಿನ ಬಾಯಂಗೆ..."

"ಶ್! ಅತ್ತೇ, ಹೇರ್ಳೆರ್ ಅಂಗ್ಳದಂಗಿದ್ರ್!"

ಅಷ್ಟೇ. ಮಾತು ಕತ್ತರಿಸಿದಂತೆ ನಿಂತಿತು. ಒಂದು ಎಲೆಯೂ ಅಲುಗಲಿಲ್ಲ. ಹೇರ್ಳೆಯವರು ಕಾದರು. ಗೋಮತಿ ಕಾದರು. ಪಾಗಾರದಾಚೆ ಇಬ್ಬರು ಹೆಂಗಸರು ಉಸಿರು ಬಿಗಿಹಿಡಿದು ಬಟ್ಟೆ ಮಡಚುವುದು ಮಾತ್ರ ಯಂತ್ರದಲ್ಲಿ ಸರಬರನೆ ಕೇಳಿತು.

ಹೇರ್ಳೆಯವರು ತಡೆದುಕೊಂಡರು. ತಡೆದುಕೊಂಡರು. ಇನ್ನು ತಡೆಯಲಾಗದೆ ಕುರ್ಚಿಯ ಮೇಲೆಯೇ ಹತ್ತಿ ನಿಂತು, ಪಾಗಾರದ ಮೇಲೆ ತಲೆ ಹಾಕಿ, ಹರಿಹರದ ಬಸ್ಸು ಮತ್ತೊಮ್ಮೆ ಹೊರಟುಬಿಡುವಂಥ ಸ್ವರದಲ್ಲಿ ಕೂಗಿದರು:

"ಹ್ವಾಯ್ ಜಲಜಕ್ಕಾ! ಅರ್ಧಕ್ಕ್ ನಿಲ್ಸ್ಬೇಡ ಮಾರಾಯ್ತಿ! ಆ ಮೀನಿನ ಬಾಯಂಗೆ ಎಂತ ಇತ್ತ್?"

ಕೈಯಲ್ಲಿದ್ದ ಸೀರೆಯನ್ನು ಕೆಡವಿ, ಎರಡೂ ಕಿವಿ ಮುಚ್ಚಿಕೊಂಡು ಜಲಜ ಮೇಲೆ ನೋಡಿದರು.

"ಹೇಳ್ತೆ ಹೇರ್ಳೆರೆ, ಹೇಳ್ತೆ! ಆರೆ ನೀವ್ ಚೂರ್ ಮೆಲ್ಲ ಮಾತಾಡಿ. ನಮ್ ಕಿವಿ ಇನ್ನೂ ಸಮಾ ಇತ್ತ್!"