ಪೂರ್ವಾನುಮತಿಯಿಲ್ಲದೆ ತಲೆಸ್ನಾನ

ಒಂದೇ ಪರಮಾಣುವಿನಷ್ಟು ತೆಳುವಾದ ಹಾಳೆಯೊಂದು ಲೇಸರ್ ತಾಗಿದರೆ ಚುಕ್ಕಿಚುಕ್ಕಿಯಾಗಿ ಬೆಳಗುತ್ತದೆಂದು ಹತ್ತೊಂಬತ್ತು ವರ್ಷ ಜಗತ್ತಿಗೆ ಸಾರಿಕೊಂಡು ಬಂದ ಸಂಶೋಧನೆಯು, ಸಂಶೋಧಕರ ತಲೆಹೊಟ್ಟಿನ ಫಲವೆಂಬುದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ನಿರ್ವಿವಾದವಾಗಿ ಸಾಬೀತಾಯಿತು.

ಸಾಬೀತು ಮಾಡಿದವರೂ ಅವರೇ. ಸಂಸ್ಥೆಯಲ್ಲಿ ಅವರಿಗೆ ತೆಳುರಾಯರೆಂದು ಹೆಸರು. ಹೆಂಡತಿ ಹೊಸ ಶಾಂಪೂ ತಂದ ವಾರದಿಂದ ಸೂಕ್ಷ್ಮದರ್ಶಕದಡಿ ಒಂದು ಚುಕ್ಕಿಯೂ ಬೆಳಗಲಿಲ್ಲ. ಲೇಸರ್ ಬದಲಿಸಿದರು, ಮಸೂರ ಒರೆಸಿದರು, ಶಿಷ್ಯರನ್ನು ಬೈದರು. ಶಾಂಪೂ ಮುಗಿದು ಹತ್ತು ದಿನಕ್ಕೆ, ದಿಕ್ಕು ತೋಚದೆ ತಲೆ ಕೆರೆದುಕೊಂಡರು. ಹಾಳೆ ಬೆಳಗಿತು. ಇನ್ನೊಮ್ಮೆ ಕೆರೆದುಕೊಂಡರು. ಇನ್ನೂ ಚೆನ್ನಾಗಿ ಬೆಳಗಿತು.

ಅಂದೇ ತಪ್ಪೊಪ್ಪಿಗೆಯ ಪತ್ರ ಬರೆದು ನಿರ್ದೇಶಕರ ಮುಂದಿಟ್ಟರು.

"ಇದನ್ನ ವಾಪಸ್ ತಗೊಳ್ಳಿ," ಅಂದರು ನಿರ್ದೇಶಕರು.

"ಸಂಶೋಧನೇನಾ ಸಾರ್?"

"ಪತ್ರಾನ್ರೀ! ಸಂಶೋಧನೆ ವಾಪಸ್ ತಗೊಳ್ಳೋಕೆ ನಮ್ಮಲ್ಲಿ ಫಾರಂ ಇಲ್ಲ. ಹನ್ನೊಂದು ಜನ ಇದರ ಮೇಲೆ ಡಾಕ್ಟರೇಟ್ ಮಾಡಿದಾರೆ. ಅವರಲ್ಲೊಬ್ಬ ನನ್ನ ಅಳಿಯ."

"ಆದ್ರೆ ಅದು ಬರೀ ಹೊಟ್ಟು ಸಾರ್."

"ಬೆಳಗುತ್ತೋ ಇಲ್ವೋ?"

"ಬೆಳಗುತ್ತೆ."

"ಮತ್ತೇನ್ರೀ ನಿಮ್ಮ ತಕರಾರು?"

ತಕರಾರು ಏನೆಂದು ತೆಳುರಾಯರಿಗೆ ಆ ಕ್ಷಣಕ್ಕೆ ನೆನಪಾಗಲಿಲ್ಲ.

ಮರುದಿನ ಸುತ್ತೋಲೆ ಹೊರಟಿತು: "ಸದರಿ ವಿಜ್ಞಾನಿಯವರ ಶಿರಸ್ಸನ್ನು ಪ್ರಯೋಗಾಲಯದ ಉಪಕರಣವೆಂದು ಪರಿಗಣಿಸಿ ಆದೇಶಿಸಿದೆ. ಪೂರ್ವಾನುಮತಿಯಿಲ್ಲದೆ ಸದರಿಯವರು ತಲೆಸ್ನಾನ ಮಾಡತಕ್ಕದ್ದಲ್ಲ. ಅವರ ಭುಜದ ಮೇಲೆ ಬಿದ್ದುದನ್ನು ಸಹೋದ್ಯೋಗಿಗಳು ಕೊಡವತಕ್ಕದ್ದಲ್ಲ."

ಹೆಂಡತಿ ಅದನ್ನು ಎರಡು ಸಲ ಓದಿದರು. "ದಿಂಬಿನ ಕವರ್ ಒಗೀಬೇಕಾದ್ರೆ ಯಾರಿಗೆ ಅರ್ಜಿ ಹಾಕ್ಲಿ?"

"ಆಡಳಿತಾಧಿಕಾರಿಗೆ. ಮೂರು ಪ್ರತೀಲಿ."

ಆಕೆ ತನ್ನ ದಿಂಬೆತ್ತಿಕೊಂಡು ಪಕ್ಕದ ಕೋಣೆಗೆ ನಡೆದರು.

ಅಷ್ಟರಲ್ಲಿ ಬೇರೊಂದು ಪ್ರಯೋಗಾಲಯದವರು, ಈ ಫಲಿತಾಂಶ ತಮಗೆ ಏನು ಮಾಡಿದರೂ ಬರುತ್ತಿಲ್ಲವೆಂದು ದೂರಿದರು. ತನಿಖಾ ಸಮಿತಿ ಹೋಗಿ ನೋಡಿತು. ಅಲ್ಲಿನ ಮುಖ್ಯಸ್ಥರದು ಬೋಳುತಲೆ. 'ಸಲಕರಣೆಯ ಕೊರತೆ' ಎಂದು ಷರಾ ಬರೆದು ದೂರನ್ನು ವಜಾ ಮಾಡಲಾಯಿತು.

ವರ್ಷದೊಳಗೆ ತೆಳುರಾಯರು ವಿಭಾಗದ ಮುಖ್ಯಸ್ಥರಾದರು. ಅಲ್ಲಿನ ಹೊಸ ಸಂಶೋಧಕ ಹುದ್ದೆಯ ಸಂದರ್ಶನಕ್ಕೆ ಬಂದವರೆಲ್ಲ ಕಪ್ಪು ಕೋಟು ತೊಟ್ಟು, ಯಾರೂ ಕೇಳುವ ಮೊದಲೇ ತಲೆ ಬಗ್ಗಿಸಿ ತೋರಿಸಿದರು. ಕೊನೆಗೆ ಬಂದ ಹುಡುಗಿ ಬಗ್ಗಿಸಲಿಲ್ಲ. ಕೇಳಿದ್ದಕ್ಕೆಲ್ಲ ಅರಳು ಹುರಿದಂತೆ ಉತ್ತರ ಹೇಳಿ, "ಸಾರ್, ಹೊಟ್ಟು ತೆಗೆದು ಆ ಹಾಳೇನೇ ಒಂದ್ಸಲ ನೋಡಬಹುದಲ್ವಾ?" ಅಂದಳು.

ಅದನ್ನು ನೋಡಬೇಕೆಂದೇ ತಾವು ಈ ಕೆಲಸಕ್ಕೆ ಸೇರಿದ್ದೆಂಬುದು ತೆಳುರಾಯರಿಗೆ ಹೊಳೆಯಿತು. ಆಮೇಲೆ ಪೆನ್ನು ತೆಗೆದು ಅವಳ ಅರ್ಜಿಯ ಮೇಲೆ ದುಂಡಗೆ ಬರೆದರು: "ಪ್ರತಿಭೆಯಿದೆ. ಉದುರುವುದಿಲ್ಲ."

ಸಂದರ್ಶನ ಸಮಿತಿಯ ಉಳಿದ ನಾಲ್ವರೂ ಅದರ ಕೆಳಗೆ ಸಹಿ ಹಾಕಿದರು.